ಬ್ರೌಸರ್ ಮತ್ತು ದಿನಬಳಕೆಯ ಆನ್‌ಲೈನ್ ಸೇವೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಹಣಿ ತೆಗೆಯುವುದರಿಂದ ಹಿಡಿದು ರೈಲು ಟಿಕೆಟ್ ಕಾದಿರಿಸುವವರೆಗೆ, ವಿದ್ಯುತ್ ಬಿಲ್ಲಿನಿಂದ ಮಕ್ಕಳ ಪರೀಕ್ಷಾ ಫಲಿತಾಂಶದವರೆಗೆ ಈಗ ಬಹಳಷ್ಟು ಕೆಲಸಗಳು ಬ್ರೌಸರ್ ಎಂಬ ಒಂದೇ ತಂತ್ರಾಂಶದ ಮೂಲಕ ನಡೆಯುತ್ತವೆ. ತೊಂದರೆ ಎದುರಾದಾಗಲೆಲ್ಲ ಹೊಸ ಆ್ಯಪ್ ಒಂದನ್ನು ಹುಡುಕಿ ಹಾಕಿಕೊಳ್ಳುವ ರೂಢಿ ನಮ್ಮಲ್ಲಿದೆ. ಆದರೆ ಬೇಕಾದ ಸೌಲಭ್ಯ ಹೆಚ್ಚಿನ ಸಲ ಬ್ರೌಸರಿನ ಒಳಗೇ ಇರುತ್ತದೆ. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದ ಬರೆಯಲಾಗಿದೆ.

ಯಾವ ಬ್ರೌಸರ್ ಬಳಸುವುದು ಒಳ್ಳೆಯದು?

ಹೆಸರುಗಳು ಹಲವಾದರೂ ಪುಟವನ್ನು ಪರದೆಯ ಮೇಲೆ ಮೂಡಿಸುವ ಒಳಗಿನ ಎಂಜಿನ್‌ಗಳು ಮುಖ್ಯವಾಗಿ ಮೂರೇ. ಗೂಗಲ್ ಕ್ರೋಮ್, ಮೈಕ್ರೋಸಾಫ್ಟ್ ಎಡ್ಜ್, ಬ್ರೇವ್, ಒಪೆರಾ ಮತ್ತು ವಿವಾಲ್ಡಿ ಇವೆಲ್ಲವೂ ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿವೆ. ಆಪಲ್‌ನ ಸಫಾರಿ ವೆಬ್‌ಕಿಟ್ ಎಂಬುದನ್ನೂ, ಮೊಜಿಲ್ಲಾದ ಫೈರ್‌ಫಾಕ್ಸ್ ಗೆಕೊ ಎಂಬುದನ್ನೂ ಬಳಸುತ್ತವೆ. ಹೀಗಾಗಿ ಕ್ರೋಮಿನಲ್ಲಿ ಕೆಟ್ಟು ಕಾಣುವ ಪುಟ ಎಡ್ಜಿನಲ್ಲಿಯೂ ಹಾಗೆಯೇ ಕಾಣುವ ಸಂಭವ ಹೆಚ್ಚು. ನಿಜವಾಗಿ ಪರೀಕ್ಷಿಸಬೇಕೆಂದರೆ ಅದನ್ನು ಫೈರ್‌ಫಾಕ್ಸಿನಲ್ಲಿ ತೆರೆದು ನೋಡಬೇಕು. ನಮ್ಮಲ್ಲಿ ಮಾರಾಟವಾಗುವ ಐಫೋನಿನಲ್ಲಂತೂ ಯಾವ ಬ್ರೌಸರ್ ಹಾಕಿಕೊಂಡರೂ ಒಳಗೆ ಕೆಲಸ ಮಾಡುವುದು ವೆಬ್‌ಕಿಟ್ಟೇ.

ಕಂಪ್ಯೂಟರಿನಲ್ಲಿ ಎರಡು ಬ್ರೌಸರುಗಳನ್ನು ಇಟ್ಟುಕೊಳ್ಳುವುದು ನಮ್ಮ ಸಲಹೆ. ಒಂದನ್ನು ಬ್ಯಾಂಕು, ತೆರಿಗೆ, ಸರ್ಕಾರಿ ಅರ್ಜಿ ಇಷ್ಟಕ್ಕೇ ಮೀಸಲಿಟ್ಟು, ಅದರಲ್ಲಿ ಯಾವ ಎಕ್ಸ್‌ಟೆನ್ಷನ್ನನ್ನೂ (ಬ್ರೌಸರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪುಟ್ಟ ತಂತ್ರಾಂಶ) ಹಾಕದೆ ಶುಚಿಯಾಗಿ ಇಡಿ. ಓದು, ವಿಡಿಯೊ, ಖರೀದಿ, ಹುಡುಕಾಟ ಎಲ್ಲವೂ ಇನ್ನೊಂದರಲ್ಲಿ ನಡೆಯಲಿ. ಬ್ರೌಸರುಗಳ ವೇಗವನ್ನು ಹೋಲಿಸುವ ಚರ್ಚೆಗಳಿಗೆ ದಿನಬಳಕೆಯಲ್ಲಿ ಹೆಚ್ಚಿನ ಅರ್ಥವಿಲ್ಲ. ಆವೃತ್ತಿ ಹಳೆಯದಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೆಲ್ಲ ಕಲಿಯಲೇಬೇಕೇ?

ಎಲ್ಲವನ್ನೂ ಕಲಿಯಬೇಕಾಗಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೈತಪ್ಪಿ ಮುಚ್ಚಿದ ಟ್ಯಾಬ್ ಮರಳಿ ಬರುತ್ತದೆ. ಮತ್ತೆ ಮತ್ತೆ ಒತ್ತಿದರೆ ಅದಕ್ಕೂ ಮೊದಲು ಮುಚ್ಚಿದವು ಒಂದೊಂದಾಗಿ ಬರುತ್ತವೆ. ಇದೊಂದೇ ಗೊತ್ತಿದ್ದರೂ ಎಷ್ಟೋ ಗಾಬರಿ ತಪ್ಪುತ್ತದೆ. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಮೌಸ್ ಮುಟ್ಟದೆ ವಿಳಾಸಪಟ್ಟಿಗೆ ಹೋಗಬಹುದು. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಉದ್ದನೆಯ ಪುಟದಲ್ಲಿ, ಉದಾಹರಣೆಗೆ ಆಯ್ಕೆಪಟ್ಟಿಯಲ್ಲಿ, ನಿಮ್ಮ ನೋಂದಣಿ ಸಂಖ್ಯೆಯನ್ನು ನೇರವಾಗಿ ಹುಡುಕಬಹುದು. ಬೇರೆಡೆಯಿಂದ ನಕಲು ಮಾಡಿದ ಬರಹ ತನ್ನ ಬಣ್ಣ, ಗಾತ್ರಗಳನ್ನು ಹೊತ್ತು ತಂದು ನಿಮ್ಮ ಪತ್ರದ ಅಂದ ಕೆಡಿಸುತ್ತಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಿ ಅಂಟಿಸಿ; ಆಗ ಅಕ್ಷರಗಳಷ್ಟೇ ಬರುತ್ತವೆ. ಮ್ಯಾಕ್ ಬಳಸುವವರು ಹೆಚ್ಚಿನ ಕಡೆ ಕಂಟ್ರೋಲ್ ಬದಲು ಕಮಾಂಡ್ ಒತ್ತಬೇಕು.

ಹತ್ತಾರು ಟ್ಯಾಬ್‌ಗಳು ತೆರೆದೇ ಇರುತ್ತವೆ, ಕಂಪ್ಯೂಟರ್ ನಿಧಾನವಾಗುತ್ತದೆ. ಏನು ಮಾಡಬೇಕು?

ಮುಚ್ಚಿದರೆ ಮತ್ತೆ ಸಿಗಲಾರದು ಎಂಬ ಅಂಜಿಕೆಯಿಂದಲೇ ಟ್ಯಾಬ್‌ಗಳು ಬೆಳೆಯುತ್ತವೆ. ಆ ಅಂಜಿಕೆಗೆ ಕಾರಣವಿಲ್ಲ, ಏಕೆಂದರೆ ಕ್ರೋಮಿನ ವಿಳಾಸಪಟ್ಟಿಯಲ್ಲಿ @ ಚಿಹ್ನೆ ಒತ್ತಿದ ಕೂಡಲೇ ತೆರೆದಿರುವ ಟ್ಯಾಬ್, ಹಿಂದೆ ನೋಡಿದ ಪುಟ, ಬುಕ್‌ಮಾರ್ಕ್ ಇವುಗಳಲ್ಲಿ ಯಾವುದರೊಳಗೆ ಹುಡುಕಬೇಕೆಂಬ ಆಯ್ಕೆ ಬರುತ್ತದೆ. ಫೈರ್‌ಫಾಕ್ಸಿನಲ್ಲಿ ಇದೇ ಕೆಲಸಕ್ಕೆ ಶೇಕಡಾ ಚಿಹ್ನೆ (%) ತೆರೆದ ಟ್ಯಾಬ್‌ಗಳಿಗೂ, ಮೇಲ್ಮುಖದ ಚಿಹ್ನೆ (^) ಹಿಂದಿನ ಪುಟಗಳಿಗೂ, ನಕ್ಷತ್ರ ಚಿಹ್ನೆ (*) ಬುಕ್‌ಮಾರ್ಕ್‌ಗಳಿಗೂ ಮೀಸಲಾಗಿವೆ. ಪುಟದ ಶೀರ್ಷಿಕೆಯ ಒಂದು ಪದ ನೆನಪಿದ್ದರೆ ಸಾಕು.

ಕ್ರೋಮಿನ ‘ಮೆಮೊರಿ ಸೇವರ್’ ಮತ್ತು ಎಡ್ಜಿನ ‘ಸ್ಲೀಪಿಂಗ್ ಟ್ಯಾಬ್ಸ್’ ಬಹಳ ಹೊತ್ತು ನೋಡದ ಟ್ಯಾಬ್‌ಗಳನ್ನು ನೆನಪಿನಕೋಶದಿಂದ ಇಳಿಸುತ್ತವೆ. ಆದರೆ ಅರ್ಧ ತುಂಬಿದ ಅರ್ಜಿಯೊಂದು ಟ್ಯಾಬಿನಲ್ಲಿದ್ದರೆ ಇವನ್ನು ನಂಬಿ ಕೂರಬಾರದು; ಮರಳಿ ಬರುವಾಗ ಪುಟ ಹೊಸದಾಗಿ ತೆರೆದು ನೀವು ತುಂಬಿದ್ದು ಹೋಗಿರಬಹುದು.

ಸರ್ಕಾರಿ ಪೋರ್ಟಲ್‌ಗಳಲ್ಲಿ ಅರ್ಜಿ ತುಂಬುವಾಗ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸರ್ವರ್ ಸಮಸ್ಯೆಯೇ?

ಎಷ್ಟೋ ಸಲ ಸರ್ವರ್ ಸಮಸ್ಯೆಯೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ‘ಸರ್ವರ್ ಡೌನ್’ ಎಂಬ ಒಂದೇ ಮಾತಿನ ಹಿಂದೆ ಬೇರೆ ಕಾರಣಗಳೂ ಅಡಗಿರುತ್ತವೆ, ಮತ್ತು ಅವುಗಳಲ್ಲಿ ಹಲವನ್ನು ನಾವೇ ಸರಿಪಡಿಸಿಕೊಳ್ಳಬಹುದು.

ಮೊದಲನೆಯದು ಪಾಪ್‌ಅಪ್ ತಡೆ. ರಸೀದಿ, ಪ್ರಮಾಣಪತ್ರ, ಹಣ ಪಾವತಿಯ ಪುಟ ಇವನ್ನು ಅನೇಕ ಪೋರ್ಟಲ್‌ಗಳು ಹೊಸ ಕಿಟಕಿಯಲ್ಲಿ ತೆರೆಯುತ್ತವೆ, ಬ್ರೌಸರ್ ಅದನ್ನು ಜಾಹೀರಾತೆಂದು ಭಾವಿಸಿ ತಡೆಯುತ್ತದೆ. ಒತ್ತಿದ ಗುಂಡಿ ಏನೂ ಮಾಡದಿದ್ದರೆ ವಿಳಾಸಪಟ್ಟಿಯ ಬಲತುದಿಯಲ್ಲಿ ಸಣ್ಣ ಚಿಹ್ನೆಯೊಂದು ಮೂಡಿದೆಯೇ ನೋಡಿ. ಅದನ್ನು ಒತ್ತಿ ಆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡಿ. ಎರಡನೆಯದು ಹಳೆಯ ಕುಕಿ (ತಾಣವೊಂದು ನಿಮ್ಮನ್ನು ಗುರುತಿಡಲು ಬ್ರೌಸರಿನಲ್ಲಿ ಬಿಡುವ ಸಣ್ಣ ಕಡತ) ಮತ್ತು ಉಳಿಸಿಟ್ಟ ಕಡತಗಳು. ಪೋರ್ಟಲ್ ಬದಲಾಗಿರುತ್ತದೆ, ನಿಮ್ಮ ಬ್ರೌಸರ್ ಮಾತ್ರ ಹಳೆಯ ತುಣುಕುಗಳನ್ನೇ ತೋರಿಸುತ್ತಿರುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಆರ್ ಒತ್ತಿ ಪುಟವನ್ನು ಹೊಸದಾಗಿ ತರಿಸಿಕೊಳ್ಳಿ. ಆಗಲೂ ಆಗದಿದ್ದರೆ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕೆಲಸ ಮಾಡಿತೆಂದರೆ ದೋಷ ಕುಕಿಯಲ್ಲಿದೆ ಅಥವಾ ಎಕ್ಸ್‌ಟೆನ್ಷನ್ನಿನಲ್ಲಿದೆ ಎಂದು ತಿಳಿಯಬಹುದು. ಇಡೀ ಬ್ರೌಸರಿನ ಕುಕಿಗಳನ್ನು ಅಳಿಸುವ ಬದಲು ವಿಳಾಸದ ಎಡಬದಿಯ ಚಿಹ್ನೆಯನ್ನು ಒತ್ತಿ ಆ ತಾಣದ್ದನ್ನಷ್ಟೇ ಅಳಿಸಿದರೆ ಉಳಿದ ಕಡೆ ಮತ್ತೆ ಲಾಗಿನ್ ಆಗುವ ರಗಳೆ ಇರುವುದಿಲ್ಲ.

ಮೂರನೆಯದು ಸಮಯದ ಮಿತಿ. ಕೆಲವು ನಿಮಿಷ ಏನೂ ಮಾಡದೆ ಬಿಟ್ಟರೆ ಪೋರ್ಟಲ್ ತಾನಾಗಿ ಲಾಗೌಟ್ ಮಾಡುತ್ತದೆ, ಆದರೆ ಪುಟ ನೋಡಲು ಹಾಗೆಯೇ ಇರುವುದರಿಂದ ನಾವು ತುಂಬುತ್ತಲೇ ಇರುತ್ತೇವೆ. ಆದ್ದರಿಂದ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಬ್ಯಾಂಕಿನ ಐಎಫ್‌ಎಸ್‌ಸಿ ಇವನ್ನೆಲ್ಲ ಮೊದಲೇ ಒಂದು ನೋಟ್‌ಪ್ಯಾಡಿನಲ್ಲಿ ಬರೆದಿಟ್ಟುಕೊಂಡು, ಭಾವಚಿತ್ರ ಮತ್ತು ಸಹಿಯ ಕಡತಗಳನ್ನು ಕೇಳಿರುವಷ್ಟೇ ಕೆಬಿ ಗಾತ್ರಕ್ಕೆ ತಂದುಕೊಂಡು, ಆ ಮೇಲೆ ಲಾಗಿನ್ ಆಗಿ. ಅರ್ಜಿಯ ನಡುವೆ ಬ್ರೌಸರಿನ ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಒತ್ತಬೇಡಿ. ಪುಟದೊಳಗೇ ಇರುವ ‘ಹಿಂದೆ’ ಗುಂಡಿಯನ್ನು ಬಳಸಿ. ಹಣ ಕಡಿತವಾಗಿ ರಸೀದಿ ಬರದಿದ್ದರೆ ಕೂಡಲೇ ಎರಡನೆಯ ಬಾರಿ ಪಾವತಿಸಬೇಡಿ. ಪಾವತಿಯ ಸ್ಥಿತಿ ತಿಳಿಯುವ ಕೊಂಡಿ ಇಂಥ ಪೋರ್ಟಲ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

‘ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯುತ್ತದೆ’ ಎಂಬ ಹಳೆಯ ಸೂಚನೆ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಆ ಬ್ರೌಸರಿನ ಕೊನೆಯ ಆವೃತ್ತಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿಂಡೋಸ್ 10ರಲ್ಲಿ ಬೆಂಬಲ ನಿಲ್ಲಿಸಿತು. ಅಂಥ ತಾಣಗಳಿಗಾಗಿಯೇ ಎಡ್ಜಿನ ಸೆಟ್ಟಿಂಗ್ಸ್‌ನಲ್ಲಿ ಆ ಬ್ರೌಸರಿನಂತೆಯೇ ಪುಟ ತೆರೆಯುವ ‘ಐಇ ಮೋಡ್’ ಇದೆ, ಹಳೆಯ ಕಂಪ್ಯೂಟರ್ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಬ್ಯಾಂಕಿನ ಅಥವಾ ಸರ್ಕಾರದ ಜಾಲತಾಣ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ?

ಪುಟದ ಅಂದ, ಲಾಂಛನ, ಬಣ್ಣ ಇವುಗಳಿಂದ ಏನೂ ತಿಳಿಯುವುದಿಲ್ಲ, ಅವನ್ನೆಲ್ಲ ನಿಮಿಷಗಳಲ್ಲಿ ನಕಲು ಮಾಡಬಹುದು. ಬೀಗದ ಚಿಹ್ನೆಯೂ ಸಾಕ್ಷಿಯಲ್ಲ. ನಿಮ್ಮ ಮತ್ತು ಆ ತಾಣದ ನಡುವಿನ ಸಂಪರ್ಕವನ್ನು ನಡುವೆ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ಕಡೆ ಇರುವವನು ಕಳ್ಳನೋ ಸಾಚಾನೋ ಎಂಬುದನ್ನು ಅದು ಹೇಳುವುದಿಲ್ಲ. ಬೀಗ ಮೂಡಿಸಲು ತಾಣಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರ ಈಗ ಯಾರಿಗೂ ಉಚಿತವಾಗಿ ಸಿಗುತ್ತದೆ. ಜನ ಬೀಗವನ್ನು ಭರವಸೆಯೆಂದು ತಪ್ಪು ತಿಳಿಯುತ್ತಿದ್ದ ಕಾರಣಕ್ಕೇ ಕ್ರೋಮ್ 2023ರಲ್ಲಿ ಕಂಪ್ಯೂಟರ್ ಆವೃತ್ತಿಯಿಂದ ಆ ಚಿಹ್ನೆಯನ್ನು ತೆಗೆದು ಬೇರೊಂದನ್ನು ಇಟ್ಟಿತು.

ನೋಡಬೇಕಾದದ್ದು ವಿಳಾಸವನ್ನು, ಅದನ್ನೂ ಹಿಂದಿನಿಂದ ಮುಂದಕ್ಕೆ. ಎರಡು ಅಡ್ಡಗೆರೆಗಳ (//) ನಂತರ ಶುರುವಾಗುವ ಹೆಸರು ಮುಂದಿನ ಒಂಟಿ ಅಡ್ಡಗೆರೆಯವರೆಗೆ (/) ಇರುತ್ತದೆ. ಆ ಒಂಟಿ ಗೆರೆಯಿಂದ ಎಡಕ್ಕೆ ಓದುತ್ತ ಬಂದರೆ ಮೊದಲು ಸಿಗುವ ಎರಡು ಮೂರು ತುಂಡುಗಳೇ ಮಾಲೀಕನ ಗುರುತು, ಅದಕ್ಕಿಂತ ಎಡಕ್ಕೆ ಇರುವುದನ್ನು ಆ ಮಾಲೀಕ ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ‘ನಿಮ್ಮಬ್ಯಾಂಕ್ ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾದರೆ ಅದು ಬ್ಯಾಂಕಿನದು. ‘ನಿಮ್ಮಬ್ಯಾಂಕ್ ಡಾಟ್ ಬ್ಯಾಂಕ್ ಡಾಟ್ ಇನ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’ ಎಂದಿದ್ದರೆ ಅದು ಕೆವೈಸಿ-ಅಪ್‌ಡೇಟ್ ಎಂಬ ಹೆಸರನ್ನು ಕೊಂಡುಕೊಂಡ ಯಾರೋ ಒಬ್ಬನದು, ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಮೊಬೈಲಿನ ಕಿರಿದಾದ ಪರದೆಯಲ್ಲಿ ಎಡಭಾಗ ಮಾತ್ರ ಕಾಣುವುದರಿಂದ ಈ ಮೋಸ ಸುಲಭವಾಗುತ್ತದೆ. ವಿಳಾಸವನ್ನು ಒತ್ತಿ, ಬೆರಳಿನಿಂದ ಬಲಕ್ಕೆ ಸರಿಸಿ ಕೊನೆಯವರೆಗೆ ಓದಿ.

‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಉದಾಹರಣೆಯನ್ನು ಸುಮ್ಮನೆ ಕೊಟ್ಟದ್ದಲ್ಲ. ದೇಶದ ಬ್ಯಾಂಕುಗಳು ತಮ್ಮ ತಾಣಗಳನ್ನು ಈ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ ಸೂಚಿಸಿತ್ತು, ಮತ್ತು ಈ ಹೆಸರನ್ನು ನೋಂದಾಯಿಸುವ ಅಧಿಕಾರವನ್ನು ಬ್ಯಾಂಕಿಂಗ್ ತಂತ್ರಜ್ಞಾನಕ್ಕಾಗಿ ತಾನೇ ಸ್ಥಾಪಿಸಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ನೀಡಿದೆ. ಹಾಗಾಗಿ ಬೀದಿಯಲ್ಲಿ ಹೋಗುವವನು ಈ ಹೆಸರನ್ನು ಕೊಳ್ಳಲಾರ. ಸರ್ಕಾರಿ ತಾಣಗಳಲ್ಲಿ ‘ಡಾಟ್ ಗವ್ ಡಾಟ್ ಇನ್’ ಮತ್ತು ‘ಡಾಟ್ ಎನ್‌ಐಸಿ ಡಾಟ್ ಇನ್’ ಎಂಬ ಕೊನೆಗಳು ಇದೇ ಬಗೆಯವು. ಒಮ್ಮೆ ಖಚಿತಪಡಿಸಿಕೊಂಡ ವಿಳಾಸವನ್ನು ಬುಕ್‌ಮಾರ್ಕ್ ಮಾಡಿ, ಮುಂದೆಂದೂ ಹುಡುಕಾಟದ ಮೂಲಕವಾಗಲಿ ವಾಟ್ಸ್‌ಆ್ಯಪ್ ಕೊಂಡಿಯ ಮೂಲಕವಾಗಲಿ ಅಲ್ಲಿಗೆ ಹೋಗದಿರುವುದು ಎಲ್ಲಕ್ಕಿಂತ ಸರಳವಾದ ರಕ್ಷಣೆ.

ಗ್ರಾಹಕ ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬಹುದೇ?

ಬೇಡ. ಹುಡುಕಾಟದ ಮೇಲ್ಭಾಗದಲ್ಲಿ ಬರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು, ನಕಾಶೆಯಲ್ಲಿ ಯಾರೋ ಸೇರಿಸಿದ ಸುಳ್ಳು ಸಂಖ್ಯೆಯೂ ಆಗಿರಬಹುದು. ಡೆಬಿಟ್ ಕಾರ್ಡಿನ ಹಿಂಬದಿ, ಪಾಸ್‌ಬುಕ್, ಬಿಲ್ಲು ಇವುಗಳ ಮೇಲೆ ಅಚ್ಚಾಗಿರುವ ಸಂಖ್ಯೆಗೇ ಕರೆ ಮಾಡಿ. ಆ ಕಡೆಯವರು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ, ಅಥವಾ ವಾಟ್ಸ್‌ಆ್ಯಪಿನಲ್ಲಿ ಎಪಿಕೆ (ಆ್ಯಪನ್ನು ನೇರವಾಗಿ ಫೋನಿಗೆ ಹಾಕುವ) ಕಡತ ಕಳಿಸಿದರೆ, ಮಾತು ಅಲ್ಲಿಗೇ ನಿಲ್ಲಿಸಿ. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆಗಳೂ ಇದೇ ಜಾತಿಗೆ ಸೇರಿದವು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾದ ಸಂದರ್ಭವೇ ಇಲ್ಲ ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿ. ಹಣ ಹೋಗಿಬಿಟ್ಟಿದ್ದರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ಕದ್ದ ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ.

ಕನ್ನಡದಲ್ಲಿ ಹುಡುಕಿದರೆ ಫಲಿತಾಂಶಗಳು ಇಷ್ಟು ಕಡಿಮೆ ಏಕೆ?

ಕನ್ನಡದಲ್ಲಿ ಬರೆದದ್ದು ಕಡಿಮೆ ಎಂಬುದು ಅರ್ಧ ಉತ್ತರ. ಇನ್ನರ್ಧ, ಬರೆದದ್ದೂ ಹುಡುಕಾಟಕ್ಕೆ ಸಿಗದ ರೂಪದಲ್ಲಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲು, ಬಂದ ಮೇಲೂ ಬಹಳ ಕಾಲ, ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಡತಗಳನ್ನು ಸಿದ್ಧಪಡಿಸಲಾಗುತ್ತಿತ್ತು. ಕಚೇರಿಗಳಲ್ಲಿ ಮತ್ತು ಮುದ್ರಣಾಲಯಗಳಲ್ಲಿ ಇಂದಿಗೂ ಆ ರೂಢಿ ಪೂರ್ತಿ ಹೋಗಿಲ್ಲ. ಅಂಥ ಕಡತದಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಸುತ್ತೋಲೆಯ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ. ವಿಚಿತ್ರ ಅಕ್ಷರಗಳು ಬಂದರೆ ಕಾರಣ ಇದೇ. ನುಡಿ ಅಥವಾ ಬರಹದಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿಯೇ ಇವೆ. ಸ್ಕ್ಯಾನ್ ಮಾಡಿದ ಪುಟವಾಗಿದ್ದರೆ ಗೂಗಲ್ ಡ್ರೈವಿಗೆ ಏರಿಸಿ, ಅದನ್ನು ‘ಗೂಗಲ್ ಡಾಕ್ಸ್’ ಮೂಲಕ ತೆರೆಯಿರಿ. ಚಿತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಅದು ಸಾಕಷ್ಟು ಚೆನ್ನಾಗಿಯೇ ಓದಿ ಬರಹವಾಗಿಸುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬೀಳುವುದರಿಂದ ಒಮ್ಮೆ ತಿದ್ದಬೇಕು.

ಹುಡುಕುವಾಗ ಒಂದೇ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಪ್ರಯತ್ನಿಸಿ. ‘ಬೆಂಗಳೂರು’ ಮತ್ತು ‘ಬೆಂಗಳೂರಿನಲ್ಲಿ’ ಒಂದೇ ಊರು ಎಂಬುದು ಹುಡುಕಾಟದ ಯಂತ್ರಕ್ಕೆ ಪ್ರತಿ ಸಲವೂ ಹೊಳೆಯುವುದಿಲ್ಲ, ವಿಭಕ್ತಿ ಪ್ರತ್ಯಯವಿಲ್ಲದ ಮೂಲರೂಪವನ್ನು ಕೊಡುವುದು ವಾಸಿ. ಟೈಪ್ ಮಾಡುವುದೇ ತೊಡಕಾದರೆ ಮೊಬೈಲಿನ ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತನಾಡಿ.

ಹುಡುಕಾಟವನ್ನು ಇನ್ನಷ್ಟು ನಿಖರವಾಗಿ ಮಾಡುವುದು ಹೇಗೆ?

ಪದಗುಚ್ಛವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಅದೇ ಅನುಕ್ರಮದಲ್ಲಿರುವ ಪುಟಗಳು ಬರುತ್ತವೆ. ಬೇಡವಾದ ಪದಕ್ಕೆ ಮೊದಲು, ತೆರಪಿಲ್ಲದೆ, ಋಣ ಚಿಹ್ನೆ (-) ಹಾಕಿದರೆ ಅದಿರುವ ಪುಟಗಳು ತಪ್ಪುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ತೆರಪು ಬಿಡದೆ ತಾಣದ ವಿಳಾಸ ಕೊಟ್ಟರೆ ಆ ಒಂದು ತಾಣದೊಳಗೆ ಮಾತ್ರ ಹುಡುಕಬಹುದು. ಹಾಗೆಯೇ ‘ಫೈಲ್‌ಟೈಪ್’ ಎಂದು ಬರೆದು, ಕೋಲನ್ ಹಾಕಿ, ಪಿಡಿಎಫ್ ಎಂದರೆ ಪಿಡಿಎಫ್ ಕಡತಗಳಷ್ಟೇ ಬರುತ್ತವೆ. ಇವೆರಡನ್ನೂ ಜೋಡಿಸಿದರೆ ಇಲಾಖೆಯ ತಾಣದಲ್ಲಿ ಎಲ್ಲೋ ಹೂತುಹೋಗಿರುವ ಅಧಿಸೂಚನೆ ಆ ತಾಣದ್ದೇ ಹುಡುಕುಪೆಟ್ಟಿಗೆಗಿಂತ ಬೇಗ ಸಿಗುತ್ತದೆ.

ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿದ್ದು ಯಾರಿಗೂ ತಿಳಿಯುವುದಿಲ್ಲವೇ?

ಅದೇ ಕಂಪ್ಯೂಟರನ್ನು ನಂತರ ಬಳಸುವವರಿಗೆ ತಿಳಿಯುವುದಿಲ್ಲ, ಅಷ್ಟೇ. ನಿಮಗೆ ಇಂಟರ್ನೆಟ್ ಒದಗಿಸುವ ಸಂಸ್ಥೆಗೆ, ಕಚೇರಿಯ ಜಾಲವಾದರೆ ಅದನ್ನು ನೋಡಿಕೊಳ್ಳುವವರಿಗೆ, ನೀವು ಹೋದ ತಾಣಕ್ಕೆ ನಿಮ್ಮ ಓಡಾಟ ತಿಳಿದೇ ತಿಳಿಯುತ್ತದೆ. ಆ ಕಿಟಕಿಯಲ್ಲಿ ಇಳಿಸಿಕೊಂಡ ಕಡತಗಳೂ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಹಾಗೆಂದು ಇದು ನಿರುಪಯೋಗಿಯಲ್ಲ: ಬೇರೊಬ್ಬರ ಯಂತ್ರದಲ್ಲಿ ಇಮೇಲ್ ನೋಡಲು, ಮೇಲೆ ಹೇಳಿದಂತೆ ತಾಣದ ದೋಷ ಪತ್ತೆಮಾಡಲು, ಒಂದೇ ತಾಣಕ್ಕೆ ಎರಡು ಖಾತೆಗಳಿಂದ ಏಕಕಾಲಕ್ಕೆ ಹೋಗಲು ಇದು ತಕ್ಕ ಸಾಧನ.

ಸೈಬರ್ ಸೆಂಟರಿನಲ್ಲಿ ಅಥವಾ ಝೆರಾಕ್ಸ್ ಅಂಗಡಿಯಲ್ಲಿ ಲಾಗಿನ್ ಆಗುವಾಗ ಏನು ಗಮನಿಸಬೇಕು?

ಖಾಸಗಿ ಕಿಟಕಿ ಅಥವಾ ಕ್ರೋಮಿನ ‘ಗೆಸ್ಟ್’ ಪ್ರೊಫೈಲ್ ತೆರೆದು ಕೆಲಸ ಮಾಡಿ, ಪಾಸ್‌ವರ್ಡ್ ಉಳಿಸಬೇಕೇ ಎಂದು ಕೇಳಿದಾಗ ಬೇಡ ಎನ್ನಿ, ಮುಗಿದ ಮೇಲೆ ಲಾಗೌಟ್ ಆಗಿ ಕಿಟಕಿ ಮುಚ್ಚಿ. ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ನಿಮ್ಮ ಆಧಾರ್, ಅಂಕಪಟ್ಟಿ ಉಳಿದಿದ್ದರೆ ಶಿಫ್ಟ್ ಮತ್ತು ಡಿಲೀಟ್ ಒತ್ತಿ ಅಳಿಸಿ. ಡಿಲೀಟ್ ಮಾತ್ರ ಒತ್ತಿದರೆ ಅವು ರೀಸೈಕಲ್ ಬಿನ್ನಿಗೆ ಹೋಗಿ ಕೂರುತ್ತವೆ. ಮುದ್ರಣಕ್ಕಾಗಿ ಅಂಗಡಿಯವರ ವಾಟ್ಸ್‌ಆ್ಯಪಿಗೆ ಕಳಿಸಿದ ದಾಖಲೆಗಳನ್ನು ‘ಎಲ್ಲರಿಗೂ ಅಳಿಸು’ ಎಂಬ ಆಯ್ಕೆಯಿಂದ ತೆಗೆದರೂ ಅವರು ಅದನ್ನು ಆಗಲೇ ಇಳಿಸಿಕೊಂಡಿರುತ್ತಾರೆ, ಆದ್ದರಿಂದ ಆಧಾರಿನ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ‘ಮಾಸ್ಕ್ಡ್’ ಪ್ರತಿ ಸಾಕಾಗುವ ಕಡೆಯೆಲ್ಲ ಅದನ್ನೇ ಕೊಡುವುದು ಲೇಸು.

ಇ-ಆಧಾರ್ ಕಡತ ತೆರೆಯಲು ಕೇಳುವ ಪಾಸ್‌ವರ್ಡ್ ಯಾವುದು?

ಹೆಸರಿನ ಮೊದಲ ನಾಲ್ಕು ಅಕ್ಷರಗಳು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಅದರ ಬೆನ್ನಿಗೇ ಹುಟ್ಟಿದ ವರ್ಷದ ನಾಲ್ಕು ಅಂಕಿ. ನಮ್ಮಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇರುವವರು ಹೆಚ್ಚಾದ್ದರಿಂದ ಎಡವುವುದು ಇಲ್ಲಿಯೇ: ತೆರಪನ್ನು ಬಿಡಬೇಕು, ಆದರೆ ಆಧಾರಿನಲ್ಲಿ ಚುಕ್ಕಿ ಇದ್ದರೆ ಅದನ್ನೂ ಒಂದು ಅಕ್ಷರವೆಂದು ಎಣಿಸಬೇಕು. ತೆರೆದ ಮೇಲೆ ಪ್ರತಿ ಸಲ ಪಾಸ್‌ವರ್ಡ್ ಬೇಡವೆಂದರೆ ಕ್ರೋಮಿನಲ್ಲಿ ತೆರೆದು ಕಂಟ್ರೋಲ್ ಮತ್ತು ಪಿ ಒತ್ತಿ ‘ಸೇವ್ ಆ್ಯಸ್ ಪಿಡಿಎಫ್’ ಮಾಡಿಕೊಳ್ಳಬಹುದು. ಅಂಥ ಪ್ರತಿಯನ್ನು ಎಲ್ಲಿಡುತ್ತೀರಿ ಎಂಬ ಎಚ್ಚರವೂ ಆಗ ನಿಮ್ಮದೇ.

ಡಿಜಿಲಾಕರಿನಲ್ಲಿರುವ ದಾಖಲೆಯನ್ನು ಎಲ್ಲ ಕಡೆ ಒಪ್ಪುತ್ತಾರೆಯೇ?

2015ರಲ್ಲಿ ಶುರುವಾದ ಈ ಸೇವೆಯಲ್ಲಿ ಎರಡು ಬಗೆಯ ದಾಖಲೆಗಳಿವೆ, ಅವುಗಳ ವ್ಯತ್ಯಾಸ ತಿಳಿಯದೆ ವಾದಕ್ಕಿಳಿಯುವವರು ಬಹಳ. ಆರ್‌ಟಿಒ, ಪರೀಕ್ಷಾ ಮಂಡಳಿ ಮೊದಲಾದವು ನೇರವಾಗಿ ನೀಡಿ, ‘ಇಷ್ಯೂಡ್’ ವಿಭಾಗದಲ್ಲಿ ಕಾಣಿಸುವ ಚಾಲನಾ ಪರವಾನಗಿ, ಅಂಕಪಟ್ಟಿಗಳಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ನಿಯಮಗಳ ಪ್ರಕಾರ ಮೂಲ ದಾಖಲೆಯ ಸಮಾನ ಮಾನ್ಯತೆ ಇದೆ. ನೀವೇ ಫೋಟೊ ತೆಗೆದು ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ, ಅದು ಬರಿಯ ನಕಲು. ಪ್ರಯಾಣದಲ್ಲಿ ನೆಟ್‌ವರ್ಕ್ ಸಿಗದ ಘಟ್ಟದ ದಾರಿಗಳನ್ನು ನೆನೆದು ಮೂಲ ಕಾರ್ಡನ್ನೂ ಜೊತೆಗಿಟ್ಟುಕೊಳ್ಳುವುದು ವ್ಯವಹಾರಜ್ಞಾನ.

ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲಿ ಉಳಿಸುವುದು ಅಪಾಯವಲ್ಲವೇ?

ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸುವುದಕ್ಕಿಂತ, ಡೈರಿಯಲ್ಲಿ ಬರೆದು ಮೇಜಿನ ಮೇಲೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಜನ ಗಮನಿಸದ ಲಾಭವೊಂದು ಇದರಲ್ಲಿದೆ: ಬ್ರೌಸರ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸಿಯೇ ಪಾಸ್‌ವರ್ಡ್ ತುಂಬುತ್ತದೆ. ನಿಮ್ಮ ಕಣ್ಣನ್ನು ಮೋಸಗೊಳಿಸುವ ನಕಲಿ ತಾಣ ಅದನ್ನು ಮೋಸಗೊಳಿಸಲಾರದು. ಎಂದಿನಂತೆ ಪಾಸ್‌ವರ್ಡ್ ತಾನಾಗಿ ತುಂಬಿಕೊಳ್ಳದಿದ್ದರೆ ಕೈಯಿಂದ ಬರೆಯುವ ಮೊದಲು ವಿಳಾಸವನ್ನು ಓದಿ.

ಆದರೆ ಕಂಪ್ಯೂಟರಿಗೇ ಬೀಗವಿಲ್ಲದಿದ್ದರೆ ಈ ಲಾಭವೆಲ್ಲ ವ್ಯರ್ಥ, ವಿಂಡೋಸ್ ಲಾಗಿನ್‌ಗೆ ಪಿನ್ ಇಡಲೇಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಉಳಿಸದೆ ಬಿಡುವವರ ನಿಲುವೂ ಸರಿಯೇ. ಯಾವ ಬ್ರೌಸರಿಗೂ ಅಂಟಿಕೊಳ್ಳದೆ ಇರಬೇಕೆನ್ನುವವರಿಗೆ ಬಿಟ್‌ವಾರ್ಡನ್ನಿನಂಥ ಪ್ರತ್ಯೇಕ ತಂತ್ರಾಂಶ ಉಚಿತವಾಗಿದೆ. ನಿಮ್ಮ ಇಮೇಲ್ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂಬುದನ್ನು ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ನೋಡಬಹುದು. ಗೂಗಲ್ ಮೊದಲಾದ ಖಾತೆಗಳು ‘ಪಾಸ್‌ಕೀ’ ಮಾಡಿಕೊಳ್ಳಿ ಎಂದು ಕೇಳಿದರೆ ಸ್ವಂತ ಫೋನಿನಲ್ಲಿ ಒಪ್ಪಿಕೊಳ್ಳಿ; ಬೆರಳಚ್ಚಿನಿಂದ ತೆರೆಯುವ ಈ ಕೀಲಿ ಫೋನಿನ ಮೂಲಕವೇ ಕೆಲಸ ಮಾಡುವುದರಿಂದ ಒಟಿಪಿಯಂತೆ ಮಾತಿನಲ್ಲಿ ಮರುಳುಮಾಡಿ ಕೇಳಿ ಪಡೆಯುವಂಥದ್ದಲ್ಲ.

ಎಕ್ಸ್‌ಟೆನ್ಷನ್‌ಗಳನ್ನು ನಂಬಬಹುದೇ?

ಕಡಿಮೆಯಿದ್ದಷ್ಟೂ ಒಳ್ಳೆಯದು. ‘ಎಲ್ಲ ತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಷನ್ ನೀವು ನೋಡುವುದನ್ನೆಲ್ಲ ನೋಡಬಲ್ಲದು. ಇವತ್ತು ಸಾಚಾ ಆಗಿದ್ದದ್ದು ನಾಳೆ ಬೇರೆಯವರ ಕೈಗೆ ಹೋಗಬಹುದು ಎಂಬುದಕ್ಕೆ ‘ದ ಗ್ರೇಟ್ ಸಸ್ಪೆಂಡರ್’ ಸಾಕ್ಷಿ: ಟ್ಯಾಬ್‌ಗಳನ್ನು ನಿದ್ದೆಗೆ ಕಳಿಸುತ್ತಿದ್ದ, ಬಹಳ ಜನ ಮೆಚ್ಚಿದ್ದ ಅದನ್ನು ಮೂಲ ಕರ್ತೃ 2020ರಲ್ಲಿ ಬೇರೆಯವರಿಗೆ ಒಪ್ಪಿಸಿದ, 2021ರ ಫೆಬ್ರವರಿಯಲ್ಲಿ ಅದರಲ್ಲಿ ಅಪಾಯಕಾರಿ ತಂತ್ರಾಂಶವಿದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ಅದು ಮಾಡುತ್ತಿದ್ದ ಕೆಲಸವನ್ನು ಈಗ ಬ್ರೌಸರುಗಳೇ ಮಾಡುತ್ತವೆ.

ಜಾಹೀರಾತು ತಡೆಯುವ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಎನ್ನುತ್ತೇವೆ. ಯುಬ್ಲಾಕ್ ಒರಿಜಿನ್ ಫೈರ್‌ಫಾಕ್ಸಿನಲ್ಲಿ ಪೂರ್ಣ ರೂಪದಲ್ಲಿ ಕೆಲಸ ಮಾಡುತ್ತದೆ. ಕ್ರೋಮ್ ತನ್ನ ನಿಯಮ ಬದಲಿಸಿದ್ದರಿಂದ ಅಲ್ಲಿ ಈಗ ಅದರ ‘ಲೈಟ್’ ರೂಪ ಮಾತ್ರ ದೊರೆಯುತ್ತದೆ. ನೀವು ದಿನವೂ ಓದುವ ಪತ್ರಿಕೆಯ ತಾಣಕ್ಕೆ ವಿನಾಯಿತಿ ಕೊಡುವುದು ನ್ಯಾಯ.

ಪರದೆಯ ಮೂಲೆಯಲ್ಲಿ ಲಾಟರಿ, ವೈರಸ್ ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ. ಕಂಪ್ಯೂಟರಿಗೆ ವೈರಸ್ ಬಂದಿದೆಯೇ?

ಬಹುಪಾಲು ಇಲ್ಲ. ಯಾವುದೋ ತಾಣ ‘ನೋಟಿಫಿಕೇಶನ್’ ಕಳಿಸಲೇ ಎಂದು ಕೇಳಿದಾಗ ಯಾರೋ ‘ಅಲೋ’ ಒತ್ತಿದ್ದಾರೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ತಾಣಗಳ ಅನುಮತಿಗೆ ಹೋಗಿ, ನೋಟಿಫಿಕೇಶನ್ ಪಟ್ಟಿಯಿಂದ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ, ಇನ್ನು ಮುಂದೆ ಕೇಳಲೇಬಾರದು ಎಂಬ ಆಯ್ಕೆಯನ್ನು ಇಟ್ಟರೆ ತೊಂದರೆ ಮುಗಿಯಿತು.

ಜಿಮೇಲ್ ತುಂಬಿದೆ ಎನ್ನುತ್ತಿದೆ. ಹಣ ಕೊಟ್ಟು ಜಾಗ ಕೊಳ್ಳಲೇಬೇಕೇ?

ಉಚಿತವಾಗಿ ಸಿಗುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್ ಮತ್ತು ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಫೋಟೊಗಳನ್ನೂ ಈ ಲೆಕ್ಕಕ್ಕೆ ಸೇರಿಸಲಾಗಿದೆ. ಹೆಚ್ಚಿನವರ ಜಾಗ ತಿನ್ನುತ್ತಿರುವುದು ಪತ್ರಗಳಲ್ಲ, ಫೋನಿನಿಂದ ತಾನಾಗಿ ಏರುತ್ತಿರುವ ವಿಡಿಯೊಗಳು, ಅದರಲ್ಲೂ ವಾಟ್ಸ್‌ಆ್ಯಪಿನ ಬ್ಯಾಕಪ್. ಮೊದಲು ಅವನ್ನು ನೋಡಿ. ಜಿಮೇಲಿನ ಹುಡುಕುಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಲಾರ್ಜರ್’ ಎಂದು ಬರೆದು, ಕೋಲನ್ ಹಾಕಿ, ‘10ಎಂ’ ಎಂದು ಕೊಟ್ಟರೆ 10 ಎಂಬಿಗಿಂತ ದೊಡ್ಡ ಪತ್ರಗಳಷ್ಟೇ ಎದುರಿಗೆ ಬರುತ್ತವೆ. ಅಳಿಸಿದವು ಕಸದ ಬುಟ್ಟಿಯಲ್ಲಿ 30 ದಿನ ಉಳಿದು ಜಾಗ ಹಿಡಿದಿರುತ್ತವೆ, ಅದನ್ನೂ ಖಾಲಿ ಮಾಡಬೇಕು. ಎಲ್ಲವನ್ನೂ ಒಮ್ಮೆಗೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದರೆ ‘ಗೂಗಲ್ ಟೇಕ್‌ಔಟ್’ ಇದೆ.

ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಗೂಗಲ್ ತಂದಿದೆ. ತೀರಿಕೊಂಡ ಹಿರಿಯರ ಫೋಟೊಗಳು ಅವರ ಖಾತೆಯಲ್ಲಿಯೇ ಉಳಿದಿದ್ದರೆ ಅವನ್ನು ಇಳಿಸಿಕೊಳ್ಳುವುದನ್ನು ಮುಂದೂಡಬೇಡಿ. ಬದುಕಿರುವಾಗಲೇ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ ನಂಬಿಕೆಯವರೊಬ್ಬರನ್ನು ಹೆಸರಿಸಿಟ್ಟರೆ ಖಾತೆ ನಿಷ್ಕ್ರಿಯವಾದಾಗ ಅವರಿಗೆ ಮಾಹಿತಿ ತಲುಪುತ್ತದೆ.

ಅಕ್ಷರಗಳು ಸಣ್ಣವು, ಜಾಹೀರಾತು ಹೆಚ್ಚು. ವಯಸ್ಸಾದವರಿಗೆ ಓದಲು ಕಷ್ಟ. ಉಪಾಯವಿದೆಯೇ?

ಫೈರ್‌ಫಾಕ್ಸಿನಲ್ಲಿ ಮತ್ತು ಎಡ್ಜಿನಲ್ಲಿ ಲೇಖನದ ಪುಟ ತೆರೆದು ಎಫ್9 ಒತ್ತಿದರೆ ಓದುವ ನೋಟ ಬರುತ್ತದೆ: ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ಮಾಯವಾಗಿ ಬರಹ ಮತ್ತು ಚಿತ್ರ ಉಳಿಯುತ್ತವೆ, ಅಕ್ಷರದ ಗಾತ್ರವನ್ನೂ ಹಿನ್ನೆಲೆಯ ಬಣ್ಣವನ್ನೂ ಬದಲಿಸಿಕೊಳ್ಳಬಹುದು. ಎಡ್ಜಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಯು ಒತ್ತಿದರೆ ಅದು ಪುಟವನ್ನು ಗಟ್ಟಿಯಾಗಿ ಓದುತ್ತದೆ. ಧ್ವನಿಗಳ ಪಟ್ಟಿಯಲ್ಲಿ ಸಪ್ನಾ ಮತ್ತು ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ. ಹೊರನಾಡಿನ ಮನೆಗಳಲ್ಲಿ ಕನ್ನಡ ಕೇಳಿದರೆ ಅರ್ಥವಾಗುವ, ಓದಲು ಬಾರದ ಮಕ್ಕಳಿಗೆ ಇದು ಕಥೆ ಕೇಳುವ ದಾರಿಯೂ ಹೌದು. ಅಂಕಿಗಳನ್ನು ಮತ್ತು ಸಂಕ್ಷಿಪ್ತ ರೂಪಗಳನ್ನು ಓದುವಾಗ ಈ ಧ್ವನಿಗಳು ಎಡವುವುದುಂಟು.

ಹಿಂದೆ ಓದಿದ ಪುಟ ಈಗ ತೆರೆಯುತ್ತಿಲ್ಲ. ಮರಳಿ ಪಡೆಯಬಹುದೇ?

ಇಂಟರ್ನೆಟ್ ಆರ್ಕೈವ್ ಸಂಸ್ಥೆ 2001ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿರುವ ‘ವೇಬ್ಯಾಕ್ ಮಷೀನ್’ನಲ್ಲಿ ಪುಟದ ವಿಳಾಸ ಕೊಟ್ಟರೆ ಅದು ಯಾವ ಯಾವ ದಿನ ಹೇಗಿತ್ತೆಂಬ ಪ್ರತಿಗಳು ಸಿಗಬಹುದು. ತಾಣ ಹೊಸದಾದಾಗ ಹಳೆಯ ಆದೇಶಗಳ ಕೊಂಡಿಗಳು ಕಡಿದುಹೋಗುವುದು ಸರ್ಕಾರಿ ಇಲಾಖೆಗಳಲ್ಲಿ ಸಾಮಾನ್ಯ, ಅಲ್ಲಿ ಇದು ಎಷ್ಟೋ ಸಲ ಕೈಹಿಡಿಯುತ್ತದೆ. ಅದೇ ತಾಣದಲ್ಲಿ ‘ಸೇವ್ ಪೇಜ್ ನೌ’ ಎಂಬ ಪೆಟ್ಟಿಗೆಗೆ ವಿಳಾಸ ಕೊಟ್ಟು ಇಂದಿನ ಪುಟವನ್ನು ನೀವೇ ಸೇರಿಸಬಹುದು. ಲಾಗಿನ್ ಆದ ಮೇಲೆ ಮಾತ್ರ ಕಾಣುವ ಪುಟಗಳು ಅಲ್ಲಿ ಉಳಿಯುವುದಿಲ್ಲ. ಅರ್ಜಿಯ ಸ್ವೀಕೃತಿ, ಪಾವತಿಯ ರಸೀದಿ ಇಂಥವನ್ನು ಕಂಡ ಕೂಡಲೇ ಕಂಟ್ರೋಲ್ ಮತ್ತು ಪಿ ಒತ್ತಿ ಪಿಡಿಎಫ್ ಮಾಡಿ, ಕಡತದ ಹೆಸರಿನಲ್ಲಿಯೇ ದಿನಾಂಕ ಮತ್ತು ಅರ್ಜಿ ಸಂಖ್ಯೆಯನ್ನು ಬರೆದಿಡಿ.